ದಿಬ್ಬಣದ ಕಾರಿನ ಬ್ರೇಕು

ಅಕ್ಟೋಬರ್ ೨೦, ಭಾನುವಾರ

ಇವತ್ತು ಬ್ರೇಕು ಹಿಡಿಯಲಿಲ್ಲ. ಅಲ್ಲ, ಹಿಡಿಯಿತು, ತಡವಾಗಿ ಹಿಡಿಯಿತು. ಪುತ್ತೂರಿನ ಕೋರ್ಟಿನಲ್ಲಿ ಬದುಕಿಡೀ ವಾಹನ ಅಪಘಾತದ ಪರಿಹಾರದ ಕೇಸು ನಡೆಸಿದವನು ನಾನು. ಈ ಎರಡು ಮಾತುಗಳ ನಡುವೆ ಒಂದು ಹೆಣ ಬೀಳುವಷ್ಟು ಜಾಗವಿದೆ ಎಂದು ನನಗೆ ಗೊತ್ತು.

ಸುಳ್ಯದಿಂದ ನರಿಮೊಗರಿಗೆ ಹಿಂದಿರುಗುತ್ತಿದ್ದೆವು, ನಾನು ಮತ್ತು ನನ್ನ ಹೆಂಡತಿ ಅಮ್ಮು. ಕನಕಮಜಲಿನ ಇಳಿಜಾರಿನಲ್ಲಿ ಹಾಲಿನ ಕ್ಯಾನು ಹಿಡಿದ ಹೆಂಗಸೊಬ್ಬಳು ಅತ್ತಿತ್ತ ನೋಡದೆ ರಸ್ತೆಗಿಳಿದಳು. ಬ್ರೇಕು ಒತ್ತಿದೆ. ಪೆಡಲು ಕೆಳಗೆ ಹೋಗಲಿಲ್ಲ. ಕಲ್ಲಿನ ಮೇಲೆ ಕಾಲಿಟ್ಟ ಹಾಗಾಯಿತು. ಸೀಟಿನಿಂದ ಅರ್ಧ ಎದ್ದು ಮೈಭಾರವನ್ನೆಲ್ಲ ಹಾಕಿದ ಮೇಲೆ ಕಾರು ನಿಂತದ್ದು ಅವಳ ಸೀರೆಯ ನೆರಿಗೆಗೆ ತಾಗುವಷ್ಟು ಹತ್ತಿರ. ಅವಳು ಬಾನೆಟ್ಟಿಗೆ ಕೈ ಇಟ್ಟು, "ಎಂತ ಮಾರಾಯ್ರೆ, ಕಣ್ಣು ಕಾಣುದಿಲ್ವಾ?" ಎಂದು ಕೇಳಿ ಹೋದಳು. ಅಮ್ಮು ಮನೆಗೆ ಬಂದು ದೇವರಿಗೆ ದೀಪ ಹಚ್ಚಿದಳು, ಸಂಜೆಯಾಗುವ ಮೊದಲೇ.

ಡಿಸೆಂಬರ್ ಎಂಟಕ್ಕೆ ಪ್ರೀತಿಕಾಳ ಮದುವೆ. ನನ್ನ ತಂಗಿ ವಾರಿಜಳ ಮಗಳು. ಮನೆ ಘಾಟಿಯ ಮೇಲೆ ಮದೆನಾಡಿನಲ್ಲಿ. ಮದುವೆ ಕೆಳಗೆ ಸುಳ್ಯದ ಕಲ್ಯಾಣಮಂಟಪದ ಹಾಲಿನಲ್ಲಿ. ನಮ್ಮಲ್ಲಿ ಮದುಮಗಳನ್ನು ಕರೆತರುವವನು ಸೋದರಮಾವ. ನಮ್ಮ ಕುಟುಂಬದಲ್ಲಿ ಅದು ಈ ಹಳೆಯ ಕಾಂಟೆಸ್ಸಾ ಕಾರಿನಲ್ಲಿ, ನಾನೇ ಸ್ಟೇರಿಂಗ್ ಹಿಡಿದು. ಅಕ್ಕಂದಿರ ಹೆಣ್ಣುಮಕ್ಕಳೆಲ್ಲ ಹೀಗೇ ಬಂದವರು. ಆದರೆ ಅವರದೆಲ್ಲ ಬಯಲಿನ ದಾರಿ. ಇದು ಮದೆನಾಡಿನಿಂದ ಸಂಪಾಜೆಯವರೆಗೆ ಬರೀ ಇಳಿಜಾರು, ಬರೀ ತಿರುವು, ಒಂದು ಬದಿ ಪ್ರಪಾತ.

 

ಅಕ್ಟೋಬರ್ ೨೨, ಮಂಗಳವಾರ

ಹಕೀಮನ ಗ್ಯಾರೇಜಿಗೆ ಹೋದೆ. ಅವನ ತಂದೆ ಪೋಕರ್ ಇದ್ದ ಕಾಲದಿಂದಲೂ ಈ ಕಾರಿಗೆ ಬೇರೆ ಯಾರೂ ಕೈ ಹಾಕಿಲ್ಲ.

"ಬನ್ನಿ ವಕೀಲ್ರೆ. ಮದುವೆ ಉಂಟಂತೆ, ಇವಳಿಗೆ ಮೇಕಪ್ಪಾ?" ಎಂದ. ಕಾರನ್ನು ಅವನು ಇವಳು ಎಂದೇ ಕರೆಯುವುದು.

"ಮೇಕಪ್ಪಲ್ಲ. ಬ್ರೇಕು. ಒತ್ತಿದ್ರೆ ಕಲ್ಲು."

ಅವನ ನಗು ಅಲ್ಲಿಗೇ ನಿಂತಿತು. ಇಂಜಿನ್ ಬಂದ್ ಮಾಡಿ ಪೆಡಲನ್ನು ಗಟ್ಟಿಯಾಗುವವರೆಗೆ ಕುಟ್ಟಿದ. ಕಾಲು ತೆಗೆಯದೆ ಹಾಗೇ ಕೀಲಿ ತಿರುಗಿಸಿದ. "ಈಗ ಇದು ತನ್ನಷ್ಟಕ್ಕೆ ಕೆಳಗೆ ಹೋಗ್ಬೇಕು. ನೋಡಿ, ಹೋಗುದಿಲ್ಲ. ಬೂಸ್ಟರಿಗೆ ಎಳೆತ ಸಿಗುದಿಲ್ಲ."

ಬೂಸ್ಟರ್ ಎಂದರೆ ಬಾನೆಟ್ಟಿನೊಳಗೆ ಡ್ರೈವರ್ ಬದಿಗೆ ಕೂತಿರುವ ದೊಡ್ಡ ಕಪ್ಪು ಡಬ್ಬಿ. ಇಂಜಿನ್ ಓಡುವಾಗ ಒಂದು ಪಂಪು ಅದರೊಳಗಿನ ಗಾಳಿಯನ್ನು ಎಳೆದು ತೆಗೆಯುತ್ತದೆ. ಆ ಎಳೆತವೇ ನಮ್ಮ ಕಾಲಿಗೆ ಜೊತೆ ಕೊಡುವುದು. ಅದಿಲ್ಲದಿದ್ದರೆ ಇಷ್ಟು ಭಾರದ ಕಾರನ್ನು ಮನುಷ್ಯ ಬರೀ ಕಾಲಿನ ಬಲದಿಂದ ನಿಲ್ಲಿಸಬೇಕು. ಹಕೀಮ್ ರಬ್ಬರು ಪೈಪನ್ನು ಬಗ್ಗಿಸಿ ತೋರಿಸಿದ. ಕೆಳಬದಿಯಲ್ಲಿ ಉದ್ದಕ್ಕೆ ಸೀಳಿತ್ತು. ಕಿವಿ ಕೊಟ್ಟರೆ ಹಾವು ಬುಸುಗುಟ್ಟಿದ ಹಾಗೆ ಸದ್ದು.

"ಇಲ್ಲಿ ಎಳೆತ ಕದೀತಾ ಇದ್ದ ಕಳ್ಳ. ಸಿಕ್ಕಿದ."

ಪೈಪು ಹೊಸತು ಹಾಕಿಸಿದೆ. ಕಾರಣ ಸಿಕ್ಕಿದ ಸಮಾಧಾನವೇ ಬೇರೆ. ಈ ಜಿಲ್ಲೆಯ ರಸ್ತೆಗಳಲ್ಲಿ ನಿತ್ಯ ಸಾಯುವವರಿಗೆ ಯಾವ ಕಾರಣವೂ ಸಿಗುವುದಿಲ್ಲ. ಪತ್ರಿಕೆಯಲ್ಲಿ ನಿಯಂತ್ರಣ ತಪ್ಪಿ ಎಂದು ಬರೆದು ಮುಗಿಸುತ್ತಾರೆ. ನಿಯಂತ್ರಣ ಯಾರದು, ತಪ್ಪಿಸಿದವರು ಯಾರು ಎಂದು ಸಂಪಾದಕರಿಗೆ ನಾನು ಬರೆಯುತ್ತಾ ಬಂದು ಎಷ್ಟು ಕಾಲವಾಯಿತು!

ಅಕ್ಟೋಬರ್ ೨೭, ಭಾನುವಾರ

ಕುಂಬ್ರದ ಇಳಿಜಾರಿನಲ್ಲಿ ಮತ್ತೆ. ಮೊನ್ನೆಯ ಕಲ್ಲಲ್ಲ, ಆದರೆ ಬೇಕಾದ ಹಾಗೆ ಇಳಿಯುವ ಪೆಡಲೂ ಅಲ್ಲ. ಎದುರಿಗೆ ಒಂದು ಹಂಪು. ಬಣ್ಣ ಬಳಿದಿಲ್ಲ, ಫಲಕವಿಲ್ಲ. ಹತ್ತಿರ ಬರುವವರೆಗೆ ಅದು ಹಂಪು ಎಂದು ತಿಳಿಯುವುದು ದೇವರಿಗೆ ಮಾತ್ರ. ಇದೇ ಜಾಗದಲ್ಲಿ ಹಿಂದೊಮ್ಮೆ ಗಂಡ ಹೆಂಡತಿ ಬೈಕಿನಿಂದ ಎಗರಿ ಬಿದ್ದ ಕೇಸು ನಾನೇ ನಡೆಸಿದ್ದೆ. ಹಂಪು ತೆಗೆಯುತ್ತೇವೆ ಎಂದು ಆಗ ಇಲಾಖೆಯವರು ಕೋರ್ಟಿನಲ್ಲಿ ಒಪ್ಪಿಕೊಂಡಿದ್ದರು. ತೆಗೆದರು. ಡಾಮರು ಹಾಕುವಾಗ ಮೊದಲಿಗಿಂತ ಎತ್ತರ ಮಾಡಿ ಮತ್ತೆ ಕಟ್ಟಿದರು.

ಹಕೀಮ್ ಅರ್ಧ ಕೆಲಸ ಮಾಡಿದ್ದಾನೆ. ಪೈಪು ಒಡೆದದ್ದು ಹೌದು. ಆದರೆ ಅದೊಂದೇ ಅಲ್ಲ. ಎರಡು ಕಾಯಿಲೆ ಇರುವವನಿಗೆ ಒಂದಕ್ಕೆ ಮದ್ದು ಕೊಟ್ಟು ಕಳಿಸಿದ ಹಾಗೆ.

ಸಂಜೆ ಹಳೆಯ ಪುಸ್ತಕವೊಂದನ್ನು ತೆಗೆಯಲು ಹೋದರೆ ಕಪಾಟಿನ ಮೇಲಿನ ಹಲಗೆ ಕೈಗೆ ಎಟುಕಲಿಲ್ಲ. ಸದಾ ತುದಿಗಾಲಲ್ಲಿ ನಿಂತು ತೆಗೆಯುತ್ತಿದ್ದ ಜಾಗ ಅದು. ಗೋಡೆಗೆ ಸುಣ್ಣ ಬಳಿದ ಮೇಲೆ ಬಡಗಿ ಕಪಾಟನ್ನು ಎತ್ತರಕ್ಕೆ ಹೊಡೆದಿದ್ದಾನೆ. ಅಳತೆ ಹಿಡಿಯುವ ಶ್ರದ್ಧೆ ಯಾರಿಗೂ ಉಳಿದಿಲ್ಲ.

ನವೆಂಬರ್ ೧, ಶುಕ್ರವಾರ

ದೀಪಾವಳಿ. ಕಾರು ತೆಗೆಯಲಿಲ್ಲ. ಎಣ್ಣೆಸ್ನಾನ ಮಾಡಿ ಬರುವಾಗ ಬಚ್ಚಲಿನ ಹೊಸ್ತಿಲು ಎಡವಿದೆ.

"ಚಪ್ಪಲಿ ಎಳ್ಕೊಂಡು ನಡಿಬೇಡಿ ಅಂತ ಎಷ್ಟು ಸಲ ಹೇಳುದು ನಿಮ್ಮತ್ರ? ಸರ ಸರ ಸದ್ದು ಕೇಳಿ ಕೇಳಿ ನನ್ನ ತಲೆ ಹಾಳಾಗ್ತದೆ" ಎಂದಳು ಅಮ್ಮು.

ಹೊಸ ಚಪ್ಪಲಿ ಕಾಲಿಗೆ ನಿಲ್ಲುವುದಿಲ್ಲ. ಬಲಗಾಲಿನದ್ದಂತೂ ದಾರಿಯಲ್ಲೇ ಉಳಿದುಬಿಡುತ್ತದೆ. ಎರಡೂ ಕಾಲಿಗೆ ಒಂದೇ ಅಳತೆಯ ಚಪ್ಪಲಿ ಮಾಡಲೂ ಇವರಿಗೆ ಬರುವುದಿಲ್ಲ.

ಪ್ರೀತಿಕಾ ಫೋನ್ ಮಾಡಿದಳು. "ಮಾವ, ಕಾರಿನ ಹಾರ್ನ್ ಸರಿ ಉಂಟಲ್ಲ? ಘಾಟಿಯಿಡೀ ಹಾರ್ನ್ ಹೊಡ್ಕೊಂಡೇ ಇಳಿಬೇಕು. ಮಂಗಗಳಿಗೂ ಗೊತ್ತಾಗ್ಲಿ ನನ್ನ ಮದುವೆ ಅಂತ."

ಉಂಟು ಎಂದೆ. ಹಾರ್ನ್ ಸರಿ ಇದೆ.

ನವೆಂಬರ್ ೬, ಬುಧವಾರ

ಕಡಬಕ್ಕೆ ಹೋಗಿದ್ದೆ. ಅಲ್ಲಿ ಹಳೆಯ ಕಾರುಗಳ ಭಾಗಗಳನ್ನು ಕೂಡಿಟ್ಟುಕೊಂಡ ಮಹಾಗಣಪತಿ ಎಂಬವರಿದ್ದಾರೆ. ಮೂರನೇ ಗೇರಿಗಿಂತ ಮೇಲೆ ಹೋಗದೆ, ಬ್ರೇಕನ್ನು ಆದಷ್ಟು ಮುಟ್ಟದೆ ತಲಪಿದೆ. ಹಿಂದಿದ್ದ ಬಸ್ಸಿನವನು ಹಾರ್ನ್ ಹೊಡೆದು ಹೊಡೆದು ಕೊನೆಗೆ ಕಿಟಕಿಯಿಂದ ತಲೆ ಹಾಕಿ, "ಅಜ್ಜ, ತಳ್ಬೇಕಾ?" ಎಂದು ಕೇಳಿ ದಾಟಿ ಹೋದ.

ಮಹಾಗಣಪತಿ ಮಾತಿನವರು. "ಹಕೀಮನಾ? ಒಳ್ಳೆ ಹುಡುಗ, ರೈಗಳೇ. ಆದ್ರೆ ಅವನಿಗೆ ಪೈಪೇ ಪ್ರಪಂಚ. ಡಬ್ಬಿಯ ಒಳಗೆ ರಬ್ಬರಿನ ಪರದೆ ಉಂಟಲ್ಲ, ಅದು ಹಳತಾದ್ರೆ ಹೊರಗಿಂದ ದೇವರಿಗೂ ಕಾಣುದಿಲ್ಲ."

ಅವರ ಅಂಗಳದಲ್ಲಿ ನಿಂತ ಇನ್ನೊಂದು ಕಾಂಟೆಸ್ಸಾದಿಂದ ಬೂಸ್ಟರ್ ಬಿಚ್ಚಿ, ಪರದೆ ಬದಲಿಸಿ, ನಮ್ಮದಕ್ಕೆ ಕೂರಿಸಿದರು. ಪೈಪಿನ ನಡುವಿನ ವಾಲ್ವನ್ನೂ ಹೊಸತು ಹಾಕಿದರು. ಆಮೇಲೆ ತಾವೇ ಒಂದು ಸುತ್ತು ಓಡಿಸಿ ಬಂದು, "ಬೆಣ್ಣೆ. ಬೆಣ್ಣೆ ಒತ್ತಿದ ಹಾಗೆ ಉಂಟು" ಎಂದರು.

ಹಿಂದಿರುಗುವಾಗ ಧೈರ್ಯವಿತ್ತು. ಅಷ್ಟೇನೂ ಇಳಿಜಾರು ಸಿಗಲಿಲ್ಲ ಎಂಬುದನ್ನೂ ಬರೆದಿಡುತ್ತೇನೆ.

ನವೆಂಬರ್ ೧೦, ಭಾನುವಾರ

ಮತ್ತೆ ಕಲ್ಲು.

ನವೆಂಬರ್ ೧೨, ಮಂಗಳವಾರ

ಬರೆಯಬಾರದು ಎಂದಿದ್ದೆ. ಬರೆಯದಿದ್ದರೆ ಇದನ್ನು ಹೇಳಿಕೊಳ್ಳಲು ಬೇರೆ ಯಾರೂ ಇಲ್ಲ.

ಅನುಮಾನದಲ್ಲಿ ಮದುವೆಯ ದಿನದವರೆಗೆ ಕಾಯುವುದು ಬೇಡ, ಒಮ್ಮೆ ಘಾಟಿಯಲ್ಲೇ ನೋಡಿಬಿಡೋಣ ಎಂದು ಬೆಳಿಗ್ಗೆ ಒಬ್ಬನೇ ಹೊರಟೆ. ಆಲೆಟ್ಟಿಯಲ್ಲಿ ಕಕ್ಷಿದಾರರೊಬ್ಬರನ್ನು ನೋಡಲಿದೆ ಎಂದು ಅಮ್ಮುಗೆ ಹೇಳಿದೆ. ಸಂಪಾಜೆ ದಾಟಿ ಹತ್ತುವಾಗ ಕಾರು ಹುಲಿಯ ಹಾಗಿತ್ತು. ಜೋಡುಪಾಲದ ಮೇಲೆ ಒಂದು ಅಂಗಡಿಯ ಎದುರು ತಿರುಗಿಸಿ, ಚಹಾ ಕುಡಿದು, ಇಳಿಯತೊಡಗಿದೆ. ಎರಡನೇ ಗೇರು. ಮೊದಲ ತಿರುವು ಸರಿ. ಎರಡನೆಯದೂ ಸರಿ. ಬ್ರೇಕು ಹಿಡಿಯುತ್ತಿತ್ತು, ಆದರೆ ಪ್ರತಿ ಸಲವೂ ಮೊದಲಿಗಿಂತ ಗಟ್ಟಿ. ಯಾರೋ ಪೆಡಲಿನ ಕೆಳಗೆ ಒಂದೊಂದೇ ಹಲಗೆ ಇಡುತ್ತಾ ಬರುತ್ತಿದ್ದ ಹಾಗೆ.

ಒಂದು ಕಡೆ ಮುಂದೆ ಮರದ ಲಾರಿ. ಹಿಂದಿನಿಂದ ದಿಮ್ಮಿಗಳು ಹೊರಚಾಚಿದ್ದವು, ತುದಿಗೆ ಕೆಂಪು ಬಟ್ಟೆ ಕಟ್ಟಿದ್ದರು. ಲಾರಿ ನಿಧಾನವಾಯಿತು. ನಾನು ಒತ್ತಿದೆ. ಒತ್ತಿದೆ ಎಂದು ನನ್ನ ತಲೆಗೆ ಚೆನ್ನಾಗಿ ಗೊತ್ತು. ಕಾರಿಗೆ ಗೊತ್ತಾಗಲಿಲ್ಲ. ಕೆಂಪು ಬಟ್ಟೆ ಗಾಜಿನ ಹತ್ತಿರ ಬರುತ್ತಿತ್ತು, ದಿಮ್ಮಿಯ ಕೊಯ್ದ ಮುಖದ ಮೇಲಿನ ವಯಸ್ಸಿನ ಬಳೆಗಳೂ ಕಾಣುತ್ತಿದ್ದವು. ಮೊದಲನೇ ಗೇರಿಗೆ ಎಳೆದು ಹ್ಯಾಂಡ್‌ಬ್ರೇಕನ್ನು ಎರಡೂ ಕೈಯಿಂದ ಎತ್ತಿದೆ. ಕಾರು ಕಿರುಚಿ ಅಡ್ಡಡ್ಡ ಜಾರಿ ಬೆಟ್ಟದ ಬದಿಯ ಚರಂಡಿಗೆ ಒಂದು ಚಕ್ರ ಇಳಿಸಿ ನಿಂತಿತು. ಬೆಟ್ಟದ ಬದಿ. ಇನ್ನೊಂದು ಬದಿಗೆ ಜಾರಿದ್ದರೆ ಈ ಪುಟ ಖಾಲಿ.

ಹಿಂದಿನ ಸೀಟಿನಲ್ಲಿ ಪ್ರೀತಿಕಾ ಕೂತಿಲ್ಲ ತಾನೇ ಎಂದು ತಿರುಗಿ ನೋಡಿದೆ. ನಿಜಕ್ಕೂ ತಿರುಗಿ ನೋಡಿದೆ.

ಇಳಿಯಲು ಹೋದರೆ ಬಲಗಾಲು ಜೋಮು ಹಿಡಿದಿತ್ತು. ಬಾಗಿಲು ಹಿಡಿದು ನಿಂತೇ ಇದ್ದೆ. ಹೆದರಿಕೆಗೆ ಮೈ ಹೀಗೂ ಮಾಡುತ್ತದೆ.

ಹಕೀಮನಿಗೆ ಫೋನ್ ಮಾಡಿದೆ. ಅವನು ಸಂಬಂಧಿಕನ ಬೈಕಿನಲ್ಲಿ ಬಂದ. ಬರುವಷ್ಟರಲ್ಲಿ ದಾರಿಹೋಕರು ಸೇರಿ ಕಾರನ್ನು ರಸ್ತೆಗೆ ಎತ್ತಿಟ್ಟಿದ್ದರು. ಅವನು ಬೈಯಲಿಲ್ಲ. ಸ್ಟೇರಿಂಗಿನ ಹಿಂದೆ ಕೂತು, ನನ್ನನ್ನು ಪಕ್ಕದಲ್ಲಿ ಕೂರಿಸಿ, ಉಳಿದ ಘಾಟಿಯನ್ನು ಇಳಿದ. ಒಂದೊಂದು ತಿರುವಿನಲ್ಲೂ ಬೇಕೆಂದೇ ವೇಗ ಮಾಡಿ ಬ್ರೇಕು ಹಾಕಿದ. ಕಾರು ಪ್ರತಿ ಸಲ ನಿಂತಿತು. ಮೂಗು ತಗ್ಗಿಸಿ, ವಿಧೇಯವಾಗಿ.

"ಎಂತ ಉಂಟು ಇದರಲ್ಲಿ? ಫಸ್ಟ್ ಕ್ಲಾಸ್ ಹಿಡೀತದೆ" ಎಂದ.

"ಆಗ ಹಿಡೀಲಿಲ್ಲ."

"ವಕೀಲ್ರೆ, ಬೇಜಾರು ಮಾಡ್ಬೇಡಿ. ನಿಮಗೆ ಹೆದರಿಕೆ ಹಿಡಿದಿದೆ. ಆ ಹಾಲಿನ ಹೆಂಗಸು ಅಡ್ಡ ಬಂದಾಗಿಂದ ನೀವು ಬ್ರೇಕು ಹಾಕುದಕ್ಕಿಂತ ಮೊದಲೇ ಬ್ರೇಕು ಇಲ್ಲ ಅಂತ ತೀರ್ಮಾನ ಮಾಡಿ ಆಗಿರ್ತದೆ."

"ನನ್ನ ಕಾಲಿನ ಕೆಳಗೆ ಎಂತ ಆಯ್ತು ಅಂತ ನನಗೆ ಗೊತ್ತಿಲ್ವಾ? ನಿನ್ನ ಕೆಲಸದ ತಪ್ಪಿಗೆ ನನ್ನ ತಲೆ ಕೆಟ್ಟದ್ದಾ?"

 ಸಾಕ್ಷಿಯ ಕಟಕಟೆಯಲ್ಲಿ ನಿಂತು "ಒತ್ತಿದೆ ಸ್ವಾಮಿ, ಹಿಡಿಯಲಿಲ್ಲ" ಎಂದವರನ್ನು ನಾನು ಎಷ್ಟು ಕಂಡಿಲ್ಲ! ಅವರಲ್ಲಿ ಸುಳ್ಳು ಹೇಳಿದವರೇ ಹೆಚ್ಚು. ಆದರೆ ನಾನು ಸುಳ್ಳು ಹೇಳುತ್ತಿಲ್ಲವಲ್ಲ.

ನವೆಂಬರ್ ೧೫, ಶುಕ್ರವಾರ

ಹಕೀಮ್ ಮನೆಗೇ ಬಂದ. ಸಿಟ್ಟು ಇಟ್ಟುಕೊಳ್ಳುವ ಜಾತಿಯಲ್ಲ ಅವನು. ಡೈನಮೋದ ಬೆನ್ನಿಗಿರುವ ಎಳೆತದ ಪಂಪನ್ನು ಬಿಚ್ಚಿ ಅಂಗಳದಲ್ಲಿ ಗೋಣಿ ಹಾಸಿ ಹರವಿದ.

"ನೋಡಿ, ಬ್ಲೇಡೆಲ್ಲ ಸರಿ ಉಂಟು. ಎಣ್ಣೆ ಬರ್ತದೆ. ಆದ್ರೂ ನಿಮ್ಮ ಸಮಾಧಾನಕ್ಕೆ ಹೊಸತು ಹಾಕ್ತೇನೆ. ಇನ್ನು ಈ ಬ್ರೇಕಿನಲ್ಲಿ ಹಳತು ಅಂತ ಉಳಿದದ್ದು ಆ ಪೆಡಲಿನ ಕಬ್ಬಿಣ ಮಾತ್ರ."

ಅಮ್ಮು ಚಹಾ ತಂದಳು. ಅವನು ಹೋದ ಮೇಲೆ ಕೇಳಿದಳು: "ಆಲೆಟ್ಟಿಗೆ ಹೋದವರು ಸಂಪಾಜೆಯಲ್ಲಿ ಎಂತ ಮಾಡ್ತಾ ಇದ್ರಿ?"

ಅವನು ಹೇಳಿಬಿಟ್ಟಿದ್ದಾನೆ. ನಾನು ಪತ್ರಿಕೆ ಓದುತ್ತಿದ್ದ ಹಾಗೆ ಕೂತೆ. ಅಮ್ಮು ಪತ್ರಿಕೆಯನ್ನು ಕೈಯಿಂದ ತೆಗೆದು ಮಡಚಿಟ್ಟು, "ನೀವು ಸತ್ರೆ ನನಗೆ ಯಾರು ಫೋನ್ ಮಾಡಿ ಹೇಳ್ತಾರೆ ಅಂತ ಆದ್ರೂ ಹೇಳಿ ಹೋಗಿ" ಎಂದಳು.

ಅವಳ ಮುಖ ಇಷ್ಟು ಬಿಳಿಚಿದ್ದನ್ನು ನಾನು ನೋಡಿಲ್ಲ.

ನವೆಂಬರ್ ೧೯, ಮಂಗಳವಾರ

ಹೊಸ ಪಂಪು, ಹೊಸ ಪೈಪು, ಹೊಸ ವಾಲ್ವು, ಬದಲಿ ಬೂಸ್ಟರ್. ಇವತ್ತು ಶಾಲೆಯ ಮೈದಾನದಲ್ಲಿ ಓಡಿಸಿ ನೋಡಿದೆ. ಕೆಲವು ಸಲ ಹಿಡಿಯುತ್ತದೆ, ಕೆಲವು ಸಲ ಇಲ್ಲ. ದಣಿದ ಹಾಗೆ. ಬೆಳಿಗ್ಗೆ ಚೆನ್ನಾಗಿದ್ದು ಹೊತ್ತೇರಿದಂತೆ ಸೋಲುತ್ತದೆ. ಯಂತ್ರಕ್ಕೆ ದಣಿವುಂಟೆ?

ಮಧ್ಯಾಹ್ನ ಜಗಲಿಯಲ್ಲಿ ಕಾರಿನ ಕೈಪಿಡಿ ಓದುತ್ತಿದ್ದಾಗ ಅಮ್ಮು ಕಿರುಚಿದಳು. ನನ್ನ ಬಲಪಾದದ ತುಂಬ ಕೆಂಪಿರುವೆ. ಕಚ್ಚಿ ಹಿಡಿದಿದ್ದವು. ಅವಳೇ ಪೊರಕೆಯಿಂದ ಗುಡಿಸಿ ಎಣ್ಣೆ ಹಚ್ಚಿದಳು.

"ಗೊತ್ತೇ ಆಗ್ಲಿಲ್ವಾ ನಿಮಗೆ?"

"ಓದುತ್ತಾ ಇದ್ದೆ."

"ಓದ್ತಾ ಇದ್ರೆ ಇರುವೆ ಕಚ್ಚುದಿಲ್ವಾ? ನವ್ಯಾಳಿಗೆ ಫೋನ್ ಮಾಡ್ತೇನೆ ನಾನು."

ನವ್ಯಾ ನಮ್ಮ ಮಗಳು, ಮಂಗಳೂರಿನಲ್ಲಿದ್ದಾಳೆ. ಇರುವೆ ಕಚ್ಚಿದ್ದಕ್ಕೆಲ್ಲ ಫೋನ್ ಬೇಡ ಎಂದೆ. ಮದುವೆಗೆ ಮೂರು ವಾರವೂ ಇಲ್ಲ. ನನ್ನ ತಲೆಯಲ್ಲಿ ಆ ಕೆಂಪು ಬಟ್ಟೆ ಬಿಟ್ಟು ಬೇರೇನೂ ಇಲ್ಲ. ಊಟಕ್ಕೆ ಕೂತರೆ ಬಟ್ಟಲಿನ ಆಚೆ ಅದು ಹಾರುತ್ತದೆ.

ನವೆಂಬರ್ ೨೪, ಭಾನುವಾರ

ಒಂದು ಕೇಸು ಬಿಡಿಸಲಾಗದಿದ್ದಾಗ ನಾನು ಮಾಡುತ್ತಿದ್ದದ್ದು ಇಷ್ಟೇ: ಯಾರ್ಯಾರನ್ನು ವಿಚಾರಿಸಿ ಆಯಿತು, ಯಾರನ್ನು ಇನ್ನೂ ವಿಚಾರಿಸಿಲ್ಲ ಎಂದು ನೋಡುವುದು. ಪೈಪನ್ನು ವಿಚಾರಿಸಿದೆ. ಬೂಸ್ಟರನ್ನು, ವಾಲ್ವನ್ನು, ಪಂಪನ್ನು ವಿಚಾರಿಸಿದೆ. ಹಕೀಮನನ್ನು, ಮಹಾಗಣಪತಿಯನ್ನು, ರಸ್ತೆಯನ್ನು, ಇಲಾಖೆಯನ್ನು ವಿಚಾರಿಸಿದೆ. ಹಕೀಮ, ಮಹಾಗಣಪತಿ ಇಬ್ಬರ ಕಾಲಿಗೂ ಬ್ರೇಕು ಬೆಣ್ಣೆ. ನನ್ನ ಕಾಲಿಗೆ ಕಲ್ಲು.

ಅಂಗಳದಲ್ಲಿ ಕಾರಿನೊಳಗೆ ಕೂತೆ. ಎಂದಿನ ಹಾಗೆ ಬರಿಗಾಲಿನಲ್ಲಿ. ಇಂಜಿನ್ ಓಡುತ್ತಿತ್ತು. ಬಲಗಾಲಿನಿಂದ ಒತ್ತಿದೆ. ಪೆಡಲು ಸ್ವಲ್ಪ ಇಳಿದು ನಿಂತಿತು. ಇನ್ನೂ ಒತ್ತಿದೆ, ನಿಂತೇ ಇತ್ತು. ಆಮೇಲೆ ಯಾಕೋ ಬಲಗಾಲನ್ನು ಪಕ್ಕಕ್ಕೆ ಸರಿಸಿ ಎಡಗಾಲನ್ನು ಪೆಡಲಿನ ಮೇಲಿಟ್ಟೆ.

ಪೆಡಲು ಇಳಿಯಿತು. ಯಾವ ತಕರಾರೂ ಇಲ್ಲದೆ, ಮೆತ್ತಗೆ, ಬೇಕಾದಷ್ಟು.

ಮತ್ತೆ ಬಲಗಾಲು. ಕಲ್ಲು. ಮತ್ತೆ ಎಡಗಾಲು. ಬೆಣ್ಣೆ.

ಇಂಜಿನ್ ಬಂದ್ ಮಾಡಲಿಲ್ಲ.  ಕಾರಿನಿಂದ ಇಳಿದು ಕಪಾಟಿನ ಎದುರು ಹೋಗಿ, ಬಲಗಾಲಿನ ತುದಿಯಲ್ಲಿ ನಿಲ್ಲಲು ನೋಡಿದೆ. ಹಿಮ್ಮಡಿ ನೆಲ ಬಿಟ್ಟು ಏಳಲೇ ಇಲ್ಲ. ಏಳು ಎಂದು ಹೇಳಿದರೂ ಏಳಲಿಲ್ಲ. ಬಡಗಿಯ ತಪ್ಪಿಲ್ಲ.

ಈ ಕಾಲಿನಲ್ಲಿ ನಾನು ಅಮ್ಮುವನ್ನು ಸುಳ್ಯಕ್ಕೆ ಕರೆದುಕೊಂಡು ಹೋಗಿದ್ದೇನೆ. ಕಡಬದ ಪೇಟೆಯಲ್ಲಿ ಶಾಲೆಯ ಮಕ್ಕಳ ನಡುವೆ ಓಡಿಸಿದ್ದೇನೆ. ಘಾಟಿ ಇಳಿದಿದ್ದೇನೆ. ಹಾಳಾದ ಬ್ರೇಕಿಗಿಂತ ಇದರ ಹೆದರಿಕೆ ಹೆಚ್ಚು. ಬ್ರೇಕನ್ನು ಬಿಚ್ಚಿ ಗೋಣಿಯ ಮೇಲೆ ಹರವಬಹುದು.

ಅಮ್ಮುಗೆ ಹೇಳಿದೆ. ಅವಳು ಕೂತಲ್ಲಿಂದ ಏಳದೆ ನನ್ನ ಬಲಪಾದವನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಬೆರಳುಗಳನ್ನು ಒಂದೊಂದಾಗಿ ಒತ್ತಿದಳು. "ಇದು ಗೊತ್ತಾಗ್ತದಾ? ಇದು?" ಎಂದು ಕೇಳುತ್ತಾ ಹೋದಳು. ಕಿರುಬೆರಳಿಗೆ ಬಂದಾಗ ನಾನು ಸುಳ್ಳು ಹೇಳಿದೆ. ಅವಳಿಗೆ ಗೊತ್ತಾಯಿತು.

ನವೆಂಬರ್ ೨೭, ಬುಧವಾರ

ಮಂಗಳೂರು. ನವ್ಯಾ ಕರೆದುಕೊಂಡು ಹೋದಳು. ಸೊಂಟದಲ್ಲಿ ಮೂಳೆಗಳ ನಡುವಿನ ಮೆತ್ತೆ ಜಾರಿ ನರವನ್ನು ಒತ್ತಿದೆಯಂತೆ. ಅಪರೂಪಕ್ಕೆ ನೋವೇ ಇಲ್ಲದೆ ಹೀಗಾಗುತ್ತದಂತೆ. ಆಪರೇಷನ್ ಬೇಗ ಆಗಬೇಕು. ಮದುವೆ ಮುಗಿದ ಮರುದಿನ ದಾಖಲಾಗುವುದೆಂದು ಹಟ ಮಾಡಿ ಒಪ್ಪಿಸಿದೆ. ಬಲ ತಿರುಗಿ ಬರುತ್ತದೆಯೇ ಎಂದು ಕೇಳಿದೆ. ಡಾಕ್ಟರು ಚಿಕ್ಕ ಪ್ರಾಯದವರು. ಕಂಪ್ಯೂಟರಿನ ಪರದೆ ನೋಡುತ್ತಾ, "ನೋಡುವಾ" ಎಂದರು. ಇನ್ನು ಕಾರು ಮುಟ್ಟಬೇಡಿ ಎಂದು ಹೇಳುವಾಗ ಮಾತ್ರ ನನ್ನ ಮುಖ ನೋಡಿದರು.

ಹಕೀಮನಿಗೆ ಫೋನ್ ಮಾಡಿದೆ. "ನಿನ್ನ ಕೆಲಸ ಸರಿ ಇತ್ತು ಮಾರಾಯ. ಸರಿ ಇಲ್ಲದ್ದು ನನ್ನ ಕಾಲು."

 "ಯಾ ಅಲ್ಲಾ. ಆ ಕಾಲಲ್ಲಿ ನೀವು ಘಾಟಿ ಇಳಿದದ್ದಾ?" ಎಂದ. ಹೆದರಿಕೆ ನಿಮ್ಮದು ಎಂದಿದ್ದವನ ಸ್ವರದಲ್ಲಿ ಈಗ ಹೆದರಿಕೆ.

ನವೆಂಬರ್ ೩೦, ಶನಿವಾರ

ಮದೆನಾಡಿಗೆ ಹಕೀಮನೇ ಕಾರು ತಂದ. ನಾನೂ ಅಮ್ಮುವೂ ಹಿಂದೆ ಕೂತೆವು. ತಂಗಿಗೆ ಎದುರೇ ಹೇಳಬೇಕು. ಫೋನಿನಲ್ಲಿ ಹೇಳುವ ಮಾತಲ್ಲ.

ವಾರಿಜ ಮೊದಲು ಅತ್ತಳು. ಆಮೇಲೆ ಸಿಟ್ಟಾದಳು. "ಮದುವೆ ಎದುರಿಗೆ ಇಟ್ಕೊಂಡು ಈಗ ಹೇಳುದಾ ಅಣ್ಣ? ಆಯ್ತು, ಯಾರಾದ್ರೂ ಡ್ರೈವರನ್ನು ಇಡುವಾ. ನೀವು ಹಾಲಿಗೆ ಬೇರೆ ಕಾರಲ್ಲಿ ಬನ್ನಿ."

"ಮಾವ ಇಲ್ಲದೆ ನಾನು ಹೊಸ್ತಿಲು ದಾಟುದಿಲ್ಲ" ಎಂದಳು ಪ್ರೀತಿಕಾ. "ಡ್ರೈವರೂ ಬೇಡ. ನಾನೇ ಕಾರು ಬಿಡ್ತೇನೆ."

"ನೀನಾ? ಸೀರೆ ಉಟ್ಟು, ತಲೆ ತುಂಬ ಮಲ್ಲಿಗೆ ಮುಡ್ಕೊಂಡು?"

"ದಿನಾ ಪಿಕಪ್ಪಲ್ಲಿ ಕಾಫಿ ಮೂಟೆ ತುಂಬಿಸಿ ಇದೇ ಘಾಟಿ ಇಳೀತೇನಲ್ಲ ಅಮ್ಮ. ಮೂಟೆಗೆ ಇಲ್ಲದ ಹೆದರಿಕೆ ಮಗಳಿಗೆ ಎಂತಕ್ಕೆ?"

"ಊರವರು ಎಂತ ಹೇಳ್ತಾರೆ! ಮಾವ ಕರ್ಕೊಂಡು ಬರುದು ಪದ್ಧತಿ."

ಅಲ್ಲಿಯವರೆಗೆ ನಾನು ತಲೆ ತಗ್ಗಿಸಿ ಕೂತಿದ್ದೆ. ಪದ್ಧತಿ ಎಂದ ಕೂಡಲೇ ಬಾಯಿ ತನ್ನಷ್ಟಕ್ಕೆ ತೆರೆಯಿತು. "ಕರ್ಕೊಂಡು ಬರ್ಬೇಕು ಅಂತ ಉಂಟು. ಸ್ಟೇರಿಂಗ್ ಹಿಡೀಬೇಕು ಅಂತ ಎಲ್ಲುಂಟು? ನಮ್ಮ ಅಜ್ಜಿ ಎತ್ತಿನ ಗಾಡಿಯಲ್ಲಿ ಬಂದದ್ದು. ಗಾಡಿ ಹೊಡೆದದ್ದು ಅವರ ಮಾವನಾ?"

"ಹೋ, ವಕೀಲ್ರು ಶುರು ಮಾಡಿದ್ರು" ಎಂದು ವಾರಿಜ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಪ್ರೀತಿಕಾ ಅಲ್ಲೇ ಮದುಮಗ ಕೌಶಲನಿಗೆ ಫೋನ್ ಹಚ್ಚಿದಳು. ಅವನು ನಕ್ಕು, "ಹಾಲಿಗೇ ಬಾ ಮಾರಾಯ್ತಿ, ಸೀದಾ ಮೈಸೂರಿಗೆ ಬಿಡ್ಬೇಡ" ಎಂದನಂತೆ.

ಹಕೀಮ್ ಅವಳನ್ನು ಸ್ಟೇರಿಂಗಿಗೆ ಕೂರಿಸಿ, ತಾನು ಪಕ್ಕದಲ್ಲಿ ಕೂತು ಘಾಟಿಯಲ್ಲಿ ಒಮ್ಮೆ ಇಳಿಸಿ ಹತ್ತಿಸಿದ. ಅಷ್ಟು ಹೊತ್ತೂ ನಾನು ಗೇಟಿನ ಹತ್ತಿರ ನಿಂತಿದ್ದೆ. ಅಮ್ಮು ಕುರ್ಚಿ ತಂದಿಟ್ಟರೂ ಕೂರಲಿಲ್ಲ. ತಿರುವಿನಲ್ಲಿ ಹಾರ್ನ್ ಕೇಳಿದ ಮೇಲೆ ಕೂತೆ.

ಡಿಸೆಂಬರ್ ೮, ಭಾನುವಾರ

ಮದುವೆ ಚೆನ್ನಾಗಿ ಆಯಿತು. ನಾಳೆ ಮಂಗಳೂರು. ಮಲಗುವ ಮೊದಲು ಇದಿಷ್ಟು.

ದೇವರಿಗೆ ಕೈ ಮುಗಿಸಿ, ಹಿರಿಯರ ಕಾಲು ಮುಟ್ಟಿಸಿ, ಪ್ರೀತಿಕಾಳ ಕೈ ಹಿಡಿದು ಅಂಗಳಕ್ಕೆ ಕರೆತಂದೆ. ನಿಜ ಹೇಳಬೇಕೆಂದರೆ ಅವಳು ನನ್ನ ಕೈ ಹಿಡಿದಿದ್ದಳು. ಡ್ರೈವರ್ ಬದಿಯ ಬಾಗಿಲು ತೆರೆದು ನಾನೇ ಕೂರಿಸಿದೆ. ಯಾರೋ ಮೊಬೈಲ್ ಹಿಡಿದರು, ಯಾರೋ ಕೇಕೆ ಹಾಕಿದರು. ಹೆಂಗಸೊಬ್ಬಳು "ಕಾಲ ಕೆಟ್ಟಿತು" ಎಂದದ್ದು ಕೇಳಿಸಿತು. ಹಿಂದಿನ ಸೀಟಿನಲ್ಲಿ ಅಮ್ಮು, ವಾರಿಜ. ಪ್ರೀತಿಕಾ ಸೀರೆಯ ನೆರಿಗೆಯನ್ನು ಮೊಣಕಾಲಿನ ಮೇಲೆ ಸಿಕ್ಕಿಸಿಕೊಂಡು, ಚಪ್ಪಲಿ ಕಳಚಿ, ಮದರಂಗಿ ಹಚ್ಚಿದ ಪಾದವನ್ನು ಬ್ರೇಕಿನ ಮೇಲಿಟ್ಟಳು.

ನಾನು ಎಡಬದಿಯಲ್ಲಿ ಕೂತೆ. ಈ ಕಾರಿನಲ್ಲಿ ಆ ಜಾಗದಲ್ಲಿ ಕೂತು ರೂಢಿಯಿಲ್ಲ. ಪ್ರಪಾತ ನನ್ನ ಕಿಟಕಿಯ ಕೆಳಗೇ ಇತ್ತು.

ಅವಳು ಚೆನ್ನಾಗಿಯೇ ಇಳಿಸುತ್ತಿದ್ದಳು. ಎರಡನೇ ಗೇರು, ಹಾರ್ನ್, ತಿರುವು, ಮತ್ತೆ ಹಾರ್ನ್. ಜೋಡುಪಾಲಕ್ಕೆ ಸ್ವಲ್ಪ ಮೇಲೆ, ಹತ್ತುತ್ತಿದ್ದ ಲಾರಿಯನ್ನು ಹಿಂದೆ ಹಾಕಲು ಹೊರಟ ಬಿಳಿ ಕಾರೊಂದು ತಿರುವಿನಲ್ಲೇ ನಮ್ಮ ಬದಿಗೆ ಬಂತು. ನೇರ ಎದುರಿಗೆ. ಹಿಂದಿನಿಂದ ವಾರಿಜ ಕೂಗಿದಳು. ನನ್ನ ಎರಡೂ ಕಾಲು ಮುಂದಕ್ಕೆ ಹೋದವು. ಒತ್ತಿದೆ. ಬದುಕಿನಲ್ಲಿ ಯಾವತ್ತೂ ಒತ್ತದ ಹಾಗೆ ಒತ್ತಿದೆ. ಹಲ್ಲು ಕಚ್ಚಿ, ಬೆನ್ನನ್ನು ಸೀಟಿಗೆ ಕೊಟ್ಟು. ಕಾಲಿನ ಕೆಳಗೆ ನೆಲಹಾಸು ಬಿಟ್ಟು ಏನೂ ಇರಲಿಲ್ಲ.

ಕಾರು ನಿಂತಿತು.

ಮೂಗು ತಗ್ಗಿಸಿ, ಒಮ್ಮೆ ಹಿಂದಕ್ಕೆ ಮುಂದಕ್ಕೆ ತೂಗಿ, ನಿಂತಿತು. ಬಿಳಿ ಕಾರಿನವನು ತಿರುಚಿಕೊಂಡು ಲಾರಿಯ ಹಿಂದೆ ನುಸುಳಿದ. ನಾನು ಹಿಂದಕ್ಕೆ ತಿರುಗಿದಾಗ ಅಮ್ಮುವಿನ ಕೈಯಲ್ಲಿದ್ದ ಡಬ್ಬಿಯಿಂದ ಕುಂಕುಮ ಚೆಲ್ಲಿ ಸೀಟಿನ ಮೇಲೆಲ್ಲ ಹರಡಿತ್ತು. ಪ್ರೀತಿಕಾ ಎರಡು ಉಸಿರು ಎಳೆದುಕೊಂಡಳು. ಆಮೇಲೆ ನನ್ನ ಕಡೆ ತಿರುಗಿ ನೋಡಿದಳು.

"ಮಾವ, ನಿಂತಿತು. ಇನ್ನು ಕಾಲು ತೆಗೀರಿ."

ಎಡಗಾಲನ್ನು ತೆಗೆದೆ. ಬಲಗಾಲು ಬರಲಿಲ್ಲ. ಎರಡೂ ಕೈಯಿಂದ ಮೊಣಕಾಲಿನ ಕೆಳಗೆ ಹಿಡಿದು ಎತ್ತಿ ಈಚೆಗಿಟ್ಟೆ. ಅವಳು ಅದನ್ನು ನೋಡಿದಳು. ಉದ್ದಕ್ಕೆ ಹಾರ್ನ್ ಹೊಡೆದು ಮುಂದಕ್ಕೆ ಬಿಟ್ಟಳು.